ತೊಟ್ಟಿಲಲ್ಲಿ ಕೂತವರು ಏಳಬೇಕಾಗಿಲ್ಲ

ದೊಡ್ಡವರು ಬಂದಾಗ ಕೂತವರು ಎದ್ದು ನಿಲ್ಲಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಡೆಯಲು ಕಲಿತ ಹಾಗೆಯೇ ಕಲಿತಿದ್ದೆ. ಕಾಲು ಹೋದ ಮೇಲೂ ಈ ಅಭ್ಯಾಸ ಬಹಳ ಕಾಲ ಹೋಗಲಿಲ್ಲ. ಮನೆಗೆ ಯಾರಾದರೂ ಹಿರಿಯರು ಬಂದರೆ ಸೊಂಟದಿಂದ ಮೇಲಿನ ನಾನು ಏಳಲು ಹೊರಡುತ್ತಿದ್ದೆ, ಸೊಂಟದಿಂದ ಕೆಳಗಿನ ನಾನು ಅಲ್ಲೇ ಇರುತ್ತಿದ್ದೆ. ಬಂದವರು ಗಾಬರಿಯಾಗಿ, "ಇರ್ಲಿ ಇರ್ಲಿ, ಕೂತ್ಕೊಳ್ಳಮ್ಮ" ಅನ್ನುತ್ತಿದ್ದರು. ಕೂತೇ ಇದ್ದವಳಿಗೆ ಕೂತ್ಕೋ ಅನ್ನುವುದನ್ನು ಕೇಳಿ ನನಗೆ ನಗು ಬರುತ್ತಿತ್ತು. ಅಮ್ಮ ಒಳಗೆ ಹೋಗಿ ಅಳುತ್ತಿದ್ದಳು.

ಈಗ ಅದೆಲ್ಲ ರೂಢಿಯಾಗಿದೆ. ಲಕ್ಷ್ಮೀಪುರಂನ ನಮ್ಮ ಮನೆಯ ಹಜಾರದಲ್ಲಿ ಗಾಡಿಯಲ್ಲಿ ಕೂತೇ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಇದನ್ನು ಬರೆಯುತ್ತಿರುವುದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಿರುವವರಿಗಾಗಿ. ಅದಕ್ಕಿಂತ ಹೆಚ್ಚಾಗಿ, ಅವರ ಪಕ್ಕದಲ್ಲಿ ಬಾಯಿಗೆ ಸೆರಗು ಹಿಡಿದು ಕೂತ ಮನೆಯವರಿಗಾಗಿ. ಕಾಯಿಲೆ ನನ್ನ ಕಾಲುಗಳನ್ನಷ್ಟೇ ತೆಗೆದುಕೊಂಡಿತು. ಅದನ್ನು ಮುಚ್ಚಿಡಬೇಕೆಂಬ ಹಠ ನನ್ನ ತಂಗಿಯನ್ನೇ ತೆಗೆದುಕೊಂಡು ಹೋಗುವುದರಲ್ಲಿತ್ತು.

ನನಗೆ ಬೆನ್ನುನೋವು ಶುರುವಾದಾಗ ಕಾಲೇಜಿಗೆ ಸೇರಿ ವರ್ಷವೂ ಆಗಿರಲಿಲ್ಲ. ಅಪ್ಪ ಆಗಲೇ ತೀರಿಕೊಂಡಿದ್ದರು. ಊರಿನ ಹೊಲ ಬಿಟ್ಟು ಬಂದು ಮೈಸೂರಿನಲ್ಲಿ ಮಂಡಿ ವ್ಯಾಪಾರ ಮಾಡುತ್ತಿದ್ದವರು; ಅವರು ಹೋದ ಮೇಲೆ ನಮಗೆ ದಿಕ್ಕಾಗಿದ್ದವರು ಅಮ್ಮನ ಅಣ್ಣ ಚೆನ್ನಪ್ಪಮಾವ. ಲಷ್ಕರ್ ಮೊಹಲ್ಲಾದಲ್ಲಿ ಅವರದು ಸೈಕಲ್ ಶಾಪು. ನೋವು ಬಂದಾಗ ಅಮ್ಮ ಹರಳೆಣ್ಣೆ ತಿಕ್ಕಿದಳು, ಬಿಸಿ ಇಟ್ಟಳು, ಪುಸ್ತಕದ ಮುಂದೆ ಬಗ್ಗಿ ಕೂರುವುದರಿಂದಲೇ ಹೀಗಾಗಿದ್ದು ಎಂದು ಬೈದಳು. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವಳು ಕಾಲೂರಲಾಗದೆ ಕುಸಿದು ಬಿದ್ದೆ. ಆಗ ಮಾವ ಜಟಕಾ ತರಿಸಿದರು.

ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಲ್ಲಿ ಕಾಯುವವರೆಲ್ಲ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದರು. ಯಾರಿಗಾದರೂ ಕೆಮ್ಮು ಬಂದರೆ ಇಡೀ ಬೆಂಚೇ ಒಂದಿಷ್ಟು ಸರಿದು ಕೂರುತ್ತಿತ್ತು. ಎಕ್ಸ್‌ರೇ ಫಿಲ್ಮು ತೆಗೆದು ನೋಡಿದ ಡಾಕ್ಟರು ಮಾವನನ್ನೊಬ್ಬರನ್ನೇ ಒಳಕ್ಕೆ ಕರೆದರು. ಹೊರಗೆ ಬಂದ ಮಾವ ನನ್ನ ಮುಖ ನೋಡಲಿಲ್ಲ, ಗೋಡೆಯ ಮೇಲಿನ ಗಡಿಯಾರ ನೋಡಿದರು.

"ಏನಂತೆ ಅಣ್ಣಾ?" ಅಂದಳು ಅಮ್ಮ.

"ಅದೇ ಅಂತೆ."

"ಅದಾ?"

"ಹೂಂ. ಬೆನ್ನು ಮೂಳೆಗೆ ಬಂದೈತಂತೆ."

ಅಷ್ಟೇ. ಅವತ್ತಿನಿಂದ ನಮ್ಮ ಮನೆಯಲ್ಲಿ ನನ್ನ ಕಾಯಿಲೆಗೆ ಬೇರೆ ಹೆಸರೇ ಇರಲಿಲ್ಲ. ಕ್ಷಯ ಅನ್ನುವ ಮಾತನ್ನು ಅಮ್ಮ ಒಂದು ಸಲವೂ ನಾಲಿಗೆ ಮೇಲೆ ತರಲಿಲ್ಲ. ನೆಂಟರಿಗೆ ವಾಯು ಅಂದರು, ಅಕ್ಕಪಕ್ಕದವರಿಗೆ ಉಳುಕು ಅಂದರು. ನಮ್ಮ ನಮ್ಮಲ್ಲಿ ಮಾತ್ರ 'ಅದು'. ಹೆಸರಿಲ್ಲದ್ದು ಮನೆಯೊಳಗೆ ಎಲ್ಲಿ ಬೇಕಾದರೂ ಕೂತಿರಬಹುದು ಅನ್ನಿಸಿ ನನಗೆ ಹೆದರಿಕೆ ಇಮ್ಮಡಿಯಾಯಿತು.

ವಾರ್ಡಿನಲ್ಲಿ ನನ್ನನ್ನು ಗಾರೆಯಂಥ ಪಟ್ಟಿಯೊಳಗೆ ಅಂಗಾತ ಮಲಗಿಸಿ ತಿಂಗಳುಗಟ್ಟಲೆ ಇಟ್ಟರು. ನನಗೆ ಕಾಣುತ್ತಿದ್ದದ್ದು ಚಾವಣಿ, ಅದರ ಮೂಲೆಯ ಹಲ್ಲಿ. ಮೋನಿಕಾ ಎಂಬ ನರ್ಸಮ್ಮ, ನಮ್ಮೂರಿನವರೇ, ಕ್ರಿಶ್ಚಿಯನ್ನರು, ಒಂದು ದಿನ ತಮ್ಮ ಕೈಗನ್ನಡಿ ತಂದು ಕೊಟ್ಟು, "ಹಿಂಗ್ ಓರೆ ಮಾಡಿ ಹಿಡ್ಕೋ, ಕಿಟಕಿ ಕಾಣ್ತದೆ" ಅಂದರು. ಕನ್ನಡಿಯೊಳಗೆ ಒಂದು ಹೊಂಗೆಮರ ಬಂತು. ಅದು ಎಲೆ ಉದುರಿಸಿ ಮತ್ತೆ ಚಿಗುರುವ ತನಕ ನೋಡಿದೆ. ಆ ಕನ್ನಡಿಯ ಉಪಕಾರವನ್ನು ನಾನು ಯಾವ ಔಷಧಿಗಿಂತಲೂ ಕಡಿಮೆಯೆಂದು ಹೇಳಲಾರೆ.

ಪಕ್ಕದ ಮಂಚದಲ್ಲಿ ರಾಚಮ್ಮ ಇದ್ದಳು. ನನ್ನದೇ ವಯಸ್ಸು. ಅವಳ ಗಂಡನಿಗೆ ಮೊದಲೇ ಎದೆಯ ಕ್ಷಯವಿತ್ತು. ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು. ಸೂಜಿಮದ್ದು ಶುರು ಮಾಡಿ ಸ್ವಲ್ಪ ಮೈ ತುಂಬಿಕೊಂಡ ಕೂಡಲೇ ಅದನ್ನು ಬಿಟ್ಟುಬಿಟ್ಟನಂತೆ. ಅವನು ಹೋದ, ಹೋಗುವಾಗ ಇವಳಿಗೆ ಕೊಟ್ಟು ಹೋದ. "ಅರ್ಧಕ್ಕೆ ನಿಲ್ಲಿಸಿದವರಿಗೇ ತಿರುಗಿ ಬರೋದು, ಪಕ್ಕದಲ್ಲಿರೋರಿಗೂ ಹತ್ತೋದು" ಎಂದು ಮೋನಿಕಾ ಸಿಸ್ಟರು ಸೂಜಿ ಚುಚ್ಚುವಾಗಲೆಲ್ಲ ನನಗೆ ಹೇಳುತ್ತಿದ್ದರು. ರಾಚಮ್ಮನ ಕೂಸನ್ನು ಅತ್ತೆ ಕಿಟಕಿಯ ಆಚೆ ಎತ್ತಿ ತೋರಿಸಿ ಕರೆದುಕೊಂಡು ಹೋಗುತ್ತಿದ್ದರು. ನನ್ನ ಕನ್ನಡಿಯನ್ನು ಅವಳಿಗೆ ಕೊಡುತ್ತಿದ್ದೆ, ಕೂಸು ಬೀದಿಯ ತಿರುವಿನ ತನಕ ಕಾಣಲಿ ಎಂದು. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದರು. ಮಂಚ ಖಾಲಿಯಾಗಿತ್ತು.

ನನಗೆ ಕಾಯಿಲೆ ವಾಸಿಯಾಯಿತು. ಕಾಲು ಬರಲಿಲ್ಲ. ಮಾವ ಒಂದು ಬೆತ್ತದ ಕುರ್ಚಿಗೆ ಎರಡು ಸೈಕಲ್ ಚಕ್ರ, ಹಿಂದೆ ಒಂದು ಪುಟ್ಟ ಚಕ್ರ ಕೂಡಿಸಿ ಗಾಡಿ ಮಾಡಿ ಕೊಟ್ಟರು. ಬೆಲ್ಲೂ ಇತ್ತು. ಅದನ್ನು ಮಾಡುವಾಗ ಅವರು ಕಣ್ಣೀರು ಒರೆಸಿಕೊಂಡದ್ದನ್ನು ಶಾಪಿನವರು ಹೇಳಿದ್ದಾರೆ. ಮುಂದೆ ನಾನು ಬರೆಯುವುದನ್ನು ಓದಿ ಯಾರೂ ಅವರನ್ನು ಕೆಟ್ಟವರು ಅಂದುಕೊಳ್ಳಬಾರದು. ಅವರು ನಮ್ಮ ಮೇಲೆ ಜೀವವಿಟ್ಟಿದ್ದರು. ಅವರಿಗೆ ತಿಳಿದದ್ದು ಒಂದೇ ದಾರಿ: ಮುಚ್ಚುವುದು.

ಮುಚ್ಚಬೇಕಾಗಿ ಬಂದದ್ದು ನನ್ನ ತಂಗಿ ಸುಶೀಲಳ ಮದುವೆಗಾಗಿ. ಹಿರಿಯವಳು ಮನೆಯಲ್ಲಿರುವಾಗ ಕಿರಿಯವಳಿಗೇಕೆ ಗಂಡು ನೋಡುತ್ತೀರಿ ಎಂದು ಬಂದವರೆಲ್ಲ ಕೇಳುತ್ತಿದ್ದರು. ದೊಡ್ಡವಳು ಬಿ.ಎ. ಓದುತ್ತಾಳೆ, ಮದುವೆ ಈಗ ಬೇಡ ಅನ್ನುತ್ತಾಳೆ ಎಂದು ಮಾವ ಉತ್ತರ ಕಟ್ಟಿದ್ದರು. ಒಂದು ಸಲ ಗಂಡಿನ ಕಡೆಯವರು ಮನೆಗೇ ಬಂದಾಗ ಗಾಡಿಯನ್ನು ಹಿತ್ತಲಿಗೆ ದಬ್ಬಿ, ನನ್ನನ್ನು ಮಾಮೂಲಿ ಕುರ್ಚಿಯಲ್ಲಿ ಕೂರಿಸಿ, ಕಾಲಿನ ಮೇಲೆ ಶಾಲು ಹೊದಿಸಿ, ಕೈಗೆ ದಪ್ಪದ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಎಲ್ಲವನ್ನೂ ಯೋಚಿಸಿದ್ದ ಮಾವ ಒಂದನ್ನು ಮರೆತಿದ್ದರು. ಹುಡುಗನ ಅಜ್ಜಿ ಕೋಲೂರಿಕೊಂಡು ಒಳಗೆ ಬಂದರು. ಮನೆಯವರೆಲ್ಲ ಎದ್ದು ನಿಂತರು. ನಾನೊಬ್ಬಳು ಪುಸ್ತಕ ಹಿಡಿದು ಕೂತೇ ಇದ್ದೆ.

"ಓದಿರೋ ಕೊಬ್ಬು ಕಣ್ರೀ ಇದು. ಇಂಥಾ ಮನೆ ಹೆಣ್ಣು ನಮಗ್ಯಾಕೆ?" ಎಂದು ಅಜ್ಜಿ ಕಾಫಿಯನ್ನೂ ಮುಟ್ಟದೆ ಹೊರಟೇ ಹೋದರು. ಕಾಯಿಲೆಯ ಸುದ್ದಿ ಹೊರಗೆ ಬೀಳಲಿಲ್ಲ. ನನ್ನ ಸೊಕ್ಕಿನ ಸುದ್ದಿ ಮೂರು ಮೊಹಲ್ಲಾ ಸುತ್ತಿತು.

ಅದಾದ ಮೇಲೆ ಬಂದದ್ದು ಚಾಮರಾಜಪುರಂನ ನಂಜಮ್ಮನವರ ಮಗ ಶಿವಣ್ಣನ ಸಂಬಂಧ. ಹುಡುಗ ಕಚೇರಿಯಲ್ಲಿ ಗುಮಾಸ್ತ, ಒಬ್ಬನೇ ಮಗ, ತಂದೆ ಇಲ್ಲ. ಆದರೆ ಆಕೆ ಒಂದು ಮಾತು ಹೇಳಿ ಕಳಿಸಿದ್ದರು: ಹುಡುಗಿಯ ಅಕ್ಕನನ್ನೂ ನೋಡಬೇಕು. ಈ ಮಾತಿಗೆ ಅಮ್ಮ ಆ ದಿನವೆಲ್ಲ ಊಟ ಬಿಟ್ಟಳು. ಬೇರೆಯವರೆಲ್ಲ ಅಕ್ಕ ಏಕೆ ಹಾಗೆ ಎಂದು ಕೇಳಿದ್ದರು, ಈಕೆ ಅಕ್ಕನನ್ನು ತೋರಿಸಿ ಅನ್ನುತ್ತಿದ್ದರು. ನನಗೆ ಆಗಲೇ ಮನಸ್ಸಿನಲ್ಲಿ ಏನೋ ಚುಚ್ಚಿತು.

ಮಾವ ಮಾತ್ರ ನಗುನಗುತ್ತ ಬಂದರು. "ದಸರಾ ಎಗ್ಜಿಬಿಷನ್‌ಗೆ ಹೋಗಣ ನಡಿ ಕಣವ್ವ ವನಜ. ಎಷ್ಟ್ ವರ್ಷ ಆಯ್ತು ನೀನು ಹೊರಗ್ ಹೋಗಿ!"

ನಾನು ಎಷ್ಟು ಬೇಡಿದರೂ ಕರೆದುಕೊಂಡು ಹೋಗದಿದ್ದವರು. "ಏನು ಮಾವ, ಇದ್ದಕ್ಕಿದ್ದ ಹಾಗೆ?"

ಅವರು ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತ ಹೇಳಿದರು. "ನೋಡು, ಕುರ್ಚೀಲಿ ಕೂತೋರು ಏಳ್ಬೇಕು. ಬೆಂಚಲ್ಲಿ ಕೂತೋರೂ ಏಳ್ಬೇಕು. ರಾಟೆ ತೊಟ್ಟಿಲಲ್ಲಿ ಕೂತೋರು ಏಳಂಗಿಲ್ಲ! ಎದ್ರೆ ತೊಟ್ಟಿಲೋನೇ ಬಯ್ತಾನೆ. ಅವ್ರು ಬರೋ ಹೊತ್ಗೆ ನೀವಿಬ್ರೂ ತೊಟ್ಟಿಲಲ್ಲಿ ಕೂತಿರ್ತೀರಿ. ನೀನು ಅಲ್ಲಿಂದ್ಲೇ ಕೈ ಮುಗಿ. ಸುಶೀಲ ಇಳೀಲಿ, ನೀನು ಇನ್ನೊಂದ್ ಸುತ್ತು ಅಂತ ಹೋಗ್ಬುಡು. ಅಷ್ಟೇ!"

ಇಷ್ಟು ಬುದ್ಧಿಯನ್ನು ಇಂಥ ಕೆಲಸಕ್ಕೆ ಹಾಕಿದ್ದನ್ನು ಕಂಡು ನನಗೆ ಕೋಪವೂ ಬಂತು, ಅಯ್ಯೋ ಅನ್ನಿಸಿತು ಕೂಡ. ಅಮ್ಮ, "ನಾನ್ ಬರಲ್ಲ ಅಣ್ಣ, ನಂಗೆ ಸುಳ್ಳು ಮುಖದ ಮೇಲೇ ಕಾಣ್ತದೆ" ಎಂದು ದೇವರ ಮನೆಗೆ ಹೋದಳು. ಸುಶೀಲ ನನ್ನ ಜಡೆ ಹಾಕುತ್ತ, "ನಿಂಗೆ ಇಷ್ಟ ಇಲ್ಲ ಅಂದ್ರೆ ಬೇಡ ಕಣೇ ಅಕ್ಕ" ಅಂದಳು. ಹಾಗೆನ್ನುವಾಗ ಅವಳ ಕೈ ನಿಂತುಹೋಗಿತ್ತು. ನನ್ನಿಂದಾಗಿ ಅವಳು ಕಾದು ಕಾದು ಬೇಸತ್ತಿದ್ದಳು. ನಾನು ಹೂಂ ಅಂದೆ. ಇನ್ನೂ ಒಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ: ಆಕಾಶಕ್ಕೆ ಹತ್ತಿ ಇಳಿಯುವ ಆ ತೊಟ್ಟಿಲಲ್ಲಿ ಕೂರುವ ಆಸೆ ನನಗೆ ಬಹಳ ಇತ್ತು.

ಗೇಟಿನ ಹತ್ತಿರ ನಮ್ಮ ಗಾಡಿಗೆ ಜನ ತಾವಾಗಿಯೇ ದಾರಿ ಬಿಟ್ಟರು. ಮೊದಲು ಇದು ಒಳ್ಳೆಯದೇ ಅನ್ನಿಸಿತು. ಆಮೇಲೆ ನೋಡಿದೆ, ಹೆಂಗಸರು ಮಕ್ಕಳನ್ನು ಸೆರಗಿಗೆ ಎಳೆದುಕೊಂಡು ದಾರಿ ಬಿಡುತ್ತಿದ್ದರು. ಒಬ್ಬ ಮುದುಕ ನನ್ನ ಕಡೆ ಕೈ ಮುಗಿದ. ಯಾವ ಪಾಪಕ್ಕೋ, ಅವನಿಗೇ ಗೊತ್ತು. ಪ್ರದರ್ಶನಕ್ಕಿಟ್ಟ ದೊಡ್ಡ ಕುಂಬಳಕಾಯಿಯನ್ನು ನೋಡಿ ಬಂದವರು ಅದೇ ಕಣ್ಣಿನಿಂದ ನನ್ನನ್ನೂ ನೋಡಿ ಮುಂದೆ ಹೋಗುತ್ತಿದ್ದರು. ಮಳಿಗೆಗಳ ಮೆಟ್ಟಿಲು ಹತ್ತಲಾಗದೆ ನಾನು ಬೀದಿಯಲ್ಲೇ ಉಳಿದೆ. ಬಳೆ ಅಂಗಡಿಯ ಸಾಬರೊಬ್ಬರು ಮಾತ್ರ ತಾವೇ ಬಳೆಯ ಗೊಂಚಲು ಹಿಡಿದು ಕೆಳಗಿಳಿದು ಬಂದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, "ಕೈ ಕೊಡಿ ತಾಯಿ" ಎಂದು ಹಸಿರು ಬಳೆ ತೊಡಿಸಿದರು. ಕಾಲಿನ ಕಡೆ ಒಂದು ಸಲವೂ ನೋಡಲಿಲ್ಲ. ಅವತ್ತು ನೆಲದ ಮೇಲೆ ನನಗೆ ಸಿಕ್ಕ ಸುಖ ಅಷ್ಟೇ.

ರಾಟೆ ತೊಟ್ಟಿಲು ಮೈದಾನದ ಕೊನೆಯಲ್ಲಿತ್ತು. ಅದರ ಪಕ್ಕದಲ್ಲೇ ಸಾವಿನ ಬಾವಿ. ಹಲಗೆಯ ಬಾವಿಯೊಳಗೆ ಮೋಟಾರ್ ಸೈಕಲ್ಲು ಸುತ್ತು ಹಾಕುವ ಸದ್ದಿಗೆ ನೆಲ ನಡುಗುತ್ತಿತ್ತು, ಅದು ಚಕ್ರದಿಂದ ನನ್ನ ಬೆನ್ನಿನ ತನಕ ಬರುತ್ತಿತ್ತು. ರಾಟೆ ಎಣ್ಣೆ ಇಂಜಿನ್ನಿನಿಂದ ತಿರುಗುತ್ತಿತ್ತು. ಮೇಲಿನ ತೊಟ್ಟಿಲುಗಳಿಗೆ ದೀಪವಿರಲಿಲ್ಲ. ಹೊತ್ತು ಮುಳುಗುತ್ತಿದ್ದ ಆಕಾಶದಲ್ಲಿ ಅವು ಕಪ್ಪಗೆ ಒಂದೊಂದಾಗಿ ಹತ್ತಿ ಇಳಿಯುತ್ತಿದ್ದವು.

ಮಾವ ನನ್ನನ್ನು ಎತ್ತಿ ತೊಟ್ಟಿಲಲ್ಲಿ ಕೂರಿಸಿದರು, ಸುಶೀಲ ಹತ್ತಿ ಪಕ್ಕದಲ್ಲಿ ಕೂತಳು. "ಏನಾಯ್ತಣ್ಣ ಅಮ್ಮಾವ್ರಿಗೆ?" ಅಂದ ತೊಟ್ಟಿಲವನು.

"ಕಾಲ್ ಉಳುಕೈತೆ. ಇವ್ರನ್ನ ನಾನು ಹೇಳೋಗಂಟ ಇಳಿಸ್ಬೇಡ ಕಣಪ್ಪ." ಮುಂದೆ ಕಬ್ಬಿಣದ ಸರಳನ್ನು ಅಡ್ಡ ಹಾಕಿದರು. ಶಾಲನ್ನು ಕಾಲಿನ ಸುತ್ತ ಸಿಕ್ಕಿಸಿದರು. ಆಮೇಲೆ ಖಾಲಿ ಗಾಡಿಯನ್ನು ದಬ್ಬಿಕೊಂಡು ಸಾವಿನ ಬಾವಿಯ ಪರದೆಯ ಹಿಂದಕ್ಕೆ ಹೋದರು. ನನ್ನ ಗಾಡಿ ಕಣ್ಮರೆಯಾಯಿತು. ಇನ್ನು ಈ ತೊಟ್ಟಿಲಲ್ಲಿ, ಈ ಸರಳಿನ ಹಿಂದೆ, ಏನೇ ಆದರೂ ನಾನು ಅಲುಗಾಡುವ ಹಾಗಿರಲಿಲ್ಲ.

ಆದರೂ ರಾಟೆ ಮೇಲೆ ಹೋದಾಗ ಅರಮನೆಯ ದೀಪ ಹತ್ತಿತು. ಸುಶೀಲ ನನ್ನ ಕೈ ಹಿಡಿದು ಕಿರುಚಿದಳು, ನಾನೂ ಕಿರುಚಿದೆ. ಆ ಒಂದು ಸುತ್ತಿನಲ್ಲಿ ನಾವಿಬ್ಬರೂ ಮತ್ತೆ ಲಂಗ ಹಾಕಿದ ಹುಡುಗಿಯರಾಗಿದ್ದೆವು. ಕೆಳಗಿಳಿಯುವಾಗ ಮಾವನ ಪಕ್ಕದಲ್ಲಿ ಇಬ್ಬರು ನಿಂತಿರುವುದು ಕಂಡಿತು. ಗಟ್ಟಿಮುಟ್ಟಾದ ಹೆಂಗಸೊಬ್ಬರು, ಕತ್ತಿನ ತನಕ ಗುಂಡಿ ಹಾಕಿದ ಕೋಟು ತೊಟ್ಟ ತೆಳ್ಳನೆಯ ಹುಡುಗ.

ತೊಟ್ಟಿಲು ನಿಂತಿತು. "ಇವ್ಳೇ ನಮ್ ಸುಶೀಲ. ಅವ್ಳು ದೊಡ್ಡವ್ಳು, ವನಜ" ಅಂದರು ಮಾವ. ಸುಶೀಲ ಇಳಿದು ನಂಜಮ್ಮನವರ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಸರಳಿನ ಹಿಂದಿನಿಂದ ಕೈ ಮುಗಿದೆ. ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಮಾವನ ಮುಖ ಅರಳಿತು. "ಅವ್ಳಿಗೆ ಇನ್ನೊಂದ್ ಸುತ್ತು ಆಸೆಯಂತೆ. ಬಿಡಪ್ಪ, ಬಿಡು!"

"ಇರಪ್ಪ," ಅಂದರು ನಂಜಮ್ಮ. "ನಾನೂ ಹತ್ತುತೀನಿ."

"ಅಯ್ಯೋ, ನಿಮ್ಗ್ಯಾಕಮ್ಮ, ತಲೆ ಸುತ್ತುತದೆ—"

"ಸುತ್ತಿದ್ರೆ ಸುತ್ಲಿ ಬುಡಿ." ಆಕೆ ಸೆರಗು ಸಿಕ್ಕಿಸಿ ಹತ್ತಿ ನನ್ನ ಪಕ್ಕದಲ್ಲಿ ಕೂತರು. ತೊಟ್ಟಿಲು ಆ ಕಡೆ ವಾಲಿತು. ಮಾವ ಬಾಯಿ ತೆರೆದುಕೊಂಡು ಕೆಳಗೇ ಉಳಿದರು.

ನಾವು ತುತ್ತತುದಿಗೆ ಬಂದಾಗ ಕೆಳಗೆ ಏನೋ ಪಟ್ಟೆಂದು ಸದ್ದಾಯಿತು, ರಾಟೆ ಜಗ್ಗಿ ನಿಂತಿತು. "ಬೆಲ್ಟು ಕಳಚ್ಕೊಂಡೈತೆ! ಯಾರೂ ಅಲ್ಲಾಡ್ಬೇಡಿ!" ಎಂದು ತೊಟ್ಟಿಲವನು ಕೂಗಿದ. ನಂಜಮ್ಮ ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈಯನ್ನು ಶಾಲಿನ ಕೆಳಗೆ ನನ್ನ ತೊಡೆಯ ಮೇಲಿಟ್ಟರು. ಹೆದರಿಕೆಯಿಂದ ಇರಬೇಕು ಅಂದುಕೊಂಡೆ.

"ಏನ್ ಓದ್ತಾ ಇದ್ದೀಯವ್ವ?"

"ಬಿ.ಎ., ಅಮ್ಮ."

"ಕಾಲೇಜ್ಗೆ ನಡ್ಕೊಂಡ್ ಹೋಯ್ತೀಯೋ, ಜಟಕಾದಲ್ಲೋ?"

"ಜಟಕಾದಲ್ಲಿ."

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. "ಆಗ್ಲಿಂದ ಚಿವುಟ್ತಾ ಇವ್ನಿ ಕಣವ್ವ," ಅಂದರು ಮೆಲ್ಲಗೆ. "ನಿಂಗೆ ಗೊತ್ತೇ ಆಗ್ಲಿಲ್ಲ."

ನಾನು ಕೆಳಗೆ ನೋಡಿದೆ. ಆಕೆ ಶಾಲು ಸರಿಸಿದ್ದರು. ಎರಡು ಉಗುರುಗಳು ನನ್ನ ಸೀರೆಯ ಮೇಲಿಂದಲೇ ತೊಡೆಯೊಳಗೆ ಊರಿದ್ದವು.

"ಅದಾ?" ಅಂದರು.

ಅಮ್ಮನಲ್ಲದೆ ಬೇರೆ ಯಾರ ಬಾಯಲ್ಲೂ ಆ ಮಾತು ಆ ದನಿಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ಕಾಯಿಲೆ ಮನೆಯೊಳಗೆ ಬಂದು ಕೂತವರು ಮಾತ್ರ ಹಾಗೆ ಅನ್ನಬಲ್ಲರು.

"ನಿಮ್ಗೆ ಹೆಂಗೆ ಗೊತ್ತು?"

"ಆಸ್ಪತ್ರೆ ವರಾಂಡದಲ್ಲಿ ನಿನ್ನ ನೋಡಿದ್ದೆ. ನಿಮ್ಮವ್ವ ಅಳ್ತಾ ಇದ್ಲು. ಹೆದರ್ಬೇಡ, ನಾನ್ ಬಾಯ್ ಬಿಡಲ್ಲ. ನಾನು ಅಲ್ಲಿಗ್ ಯಾಕ್ ಬಂದಿದ್ದೆ ಅಂತ ಕೇಳು."

ನಾನು ಕೆಳಗೆ ಕೋಟಿನ ಹುಡುಗನನ್ನು ನೋಡಿದೆ.

"ಎದೇಲಿ," ಅಂದರು ನಂಜಮ್ಮ. "ಸೂಜಿ ಹಾಕುಸ್ತಿದ್ವಿ. ಮೈ ಕೈ ತುಂಬ್ಕೊಂತು, ನಿಲ್ಸ್‌ಬುಟ್ಟೆ. ದಿನಾ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಯಾರು ಹೆಣ್ಣು ಕೊಡ್ತಾರೆ? ಮದ್ವೆ ಆದ್ರೆ ಸರಿಹೋಯ್ತದೆ. ಒಬ್ನೇ ಮಗ ಕಣವ್ವ." ಆಗ ಮಾತ್ರ ಆಕೆಯ ದನಿ ಒಡೆಯಿತು. ಮತ್ತೆ ಗಟ್ಟಿಯಾಯಿತು. "ಇಂಥಾ ಮನೇನೇ ಹುಡುಕ್ತಿದ್ದೆ. ನಿಮ್ ಮನೇದು ನಂಗೆ ಗೊತ್ತು, ನಮ್ ಮನೇದು ನಿಂಗೆ ಗೊತ್ತು. ನೀನು ಬಾಯ್ ಮುಚ್ಕೋ, ನಾನು ಬಾಯ್ ಮುಚ್ಕೋತೀನಿ. ಎರಡ್ ಮನೇಲೂ ದೀಪ ಉರೀತದೆ."

"ಸುಶೀಲಂಗೆ ಗೊತ್ತಾಗ್ಬೇಕು."

"ಗೊತ್ತಾದ್ರೆ ನಿನ್ನ ಸುದ್ದೀನೂ ಮೈಸೂರ್ಗೆಲ್ಲ ಗೊತ್ತಾಯ್ತದೆ. ಆಮೇಲೆ ಅವ್ಳನ್ನ ಯಾರು ಮಾಡ್ಕೋತಾರೆ? ಯೋಚ್ನೆ ಮಾಡು. ನಿಂಗೆ ಓಡೋಗಕ್ಕೂ ಆಗಲ್ಲ."

ನಿಜ. ನನಗೆ ಓಡಿಹೋಗಲು ಆಗುತ್ತಿರಲಿಲ್ಲ. ಕತ್ತಲೆಯಲ್ಲಿ ತೂಗಾಡುವ ಹಲಗೆಯ ಮೇಲೆ ಆಕೆಯ ಪಕ್ಕದಲ್ಲಿ ಕೂತಿದ್ದೆ. ಕೆಳಗೆ ಲಾಂದ್ರದ ಬೆಳಕಿನಲ್ಲಿ ಶಿವಣ್ಣ ಏನೋ ಹೇಳಿದ, ಸುಶೀಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ಕಾಯಿಲೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಹೇಳಿದರೆ ಆ ನಗೆಯನ್ನು ನಾನೇ ಕಿತ್ತುಕೊಂಡಂತೆ. ಹೇಳದಿದ್ದರೆ ಬಿಸಿಲಿಗೆ ಹಾಕಿದ ಹಾಸಿಗೆ. ಅವತ್ತು ನನಗೆ ಎಷ್ಟು ಭಯವಾಯಿತೆಂದರೆ, ಡಾಕ್ಟರು ಇನ್ನು ನಡೆಯಲಾರೆ ಎಂದು ಹೇಳಿದ ದಿನವೂ ಅಷ್ಟು ಆಗಿರಲಿಲ್ಲ. ಆ ದಿನ ಹೋಗುವುದಿದ್ದದ್ದು ನನ್ನ ಕಾಲು ಮಾತ್ರ.

ಇಂಜಿನ್ನು ಕೆಮ್ಮಿತು. ರಾಟೆ ನಡುಗಿ ಇಳಿಯತೊಡಗಿತು. ನಂಜಮ್ಮ ಶಾಲನ್ನು ನನ್ನ ಕಾಲಿನ ಮೇಲೆ ಅಚ್ಚುಕಟ್ಟಾಗಿ ಹೊದಿಸಿದರು, ಸ್ವಂತ ಮಗಳಿಗೆ ಹೊದಿಸುವ ಹಾಗೆ. ಕೆಳಗೆ ಬಂದ ಕೂಡಲೇ ಇಳಿದು ಮಾವನಿಗೆ, "ಹುಡ್ಗಿ ಒಪ್ಪಿಗೆ ಕಣಪ್ಪ. ದೊಡ್ಡವ್ಳೂ ಒಳ್ಳೇವ್ಳೇ" ಅಂದರು. ಮಾವನ ಕಣ್ಣಲ್ಲಿ ನೀರು ಬಂತು. "ಬಿಡಪ್ಪ, ಅವ್ಳಿಗೆ ಇನ್ನೊಂದ್ ಸುತ್ತು—"

"ಬೇಡ," ಅಂದೆ. "ಮಾವ, ನನ್ನ ಗಾಡಿ ತನ್ನಿ."

"ಯಾವ್ ಗಾಡಿ ಕಣವ್ವ?" ಎಂದು ಮಾವ ನಕ್ಕರು. ಕಣ್ಣಲ್ಲಿ ಬೇಡಿಕೊಳ್ಳುತ್ತಿದ್ದರು.

"ನನ್ನ ಗಾಡಿ. ನಂಗೆ ನಡೆಯಕ್ಕಾಗಲ್ಲ."

ತೊಟ್ಟಿಲವನು ಉಪಕಾರ ಮಾಡುವವನಂತೆ, "ಆ ಸೈಕಲ್ ಚಕ್ರದ್ ಕುರ್ಚಿನಾ ಅಮ್ಮಾವ್ರೆ? ಅಣ್ಣಾವ್ರು ಬಾವಿ ಹಿಂದ್ಗಡೆ ನಿಲ್ಸವ್ರಲ್ಲ!" ಎಂದು ತಾನೇ ಹೋಗಿ ತಳ್ಳಿಕೊಂಡು ಬಂದ. ಬೆಲ್ಲು ಅಲುಗಾಡಿ ಟಿಣ್ ಟಿಣ್ ಎನ್ನುತ್ತಿತ್ತು. ಜನ ಸುತ್ತ ನಿಂತರು. ಮಾವ ತಲೆ ತಗ್ಗಿಸಿ ನನ್ನನ್ನು ಎತ್ತಿ ಕೂರಿಸಿದರು. ಎತ್ತುವಾಗ ನನ್ನ ಒಂದು ಚಪ್ಪಲಿ ಕಳಚಿ ಬಿತ್ತು. ಅದನ್ನು ಎತ್ತಿಕೊಂಡವನು ಶಿವಣ್ಣ. ಕುಕ್ಕರಗಾಲಲ್ಲಿ ಕೂತು ನನ್ನ ಕಾಲಿಗೆ ತೊಡಿಸಿದ. ಆ ಹೊತ್ತಿನಲ್ಲಿ ಅವನ ಮುಖ ನನ್ನ ಮೊಣಕಾಲಿನ ಹತ್ತಿರವಿತ್ತು.

"ಎಷ್ಟ್ ದಿವ್ಸ ಹಾಕುಸ್ಕೊಂಡ್ರಿ ಇಂಜೆಕ್ಷನ್ನು?" ಎಂದು ಯಾರಿಗೂ ಕೇಳಿಸದ ಹಾಗೆ ಕೇಳಿದ. ನೋಡಿದ ಕೂಡಲೇ ಅವನಿಗೆ ತಿಳಿದಿತ್ತು.

"ಸಾಕು ಅಂತ ಅವರು ಹೇಳೋವರೆಗೂ. ನೀವು?"

ಅವನು ನನ್ನ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದ.

"ಸುಶೀಲಂಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವನ ಮುಖದ ಬಣ್ಣ ಇಳಿದುಹೋಯಿತು. "ಅವ್ರಿಗೆ ಗೊತ್ತಿಲ್ವಾ?" ಎಂದು ಎದ್ದು ತಾಯಿಯ ಕಡೆ ತಿರುಗಿದ. "ಅವ್ವಾ, ಎಲ್ಲಾ ಹೇಳಿವ್ನಿ ಅಂದ್ಯಲ್ಲ?"

"ನಡಿಯೋ ಮನೆಗೆ," ಅಂದರು ನಂಜಮ್ಮ.

ಅವನು ನಡೆಯಲಿಲ್ಲ. ಸುಶೀಲಳ ಎದುರಿಗೆ ಹೋಗಿ ನಿಂತು ಏನೋ ಹೇಳಿದ. ಬಾವಿಯೊಳಗೆ ಮೋಟಾರ್ ಸೈಕಲ್ಲು ಮತ್ತೆ ಶುರುವಾಗಿದ್ದರಿಂದ ನನಗೆ ಒಂದು ಮಾತೂ ಕೇಳಿಸಲಿಲ್ಲ. ಸುಶೀಲ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಅದನ್ನು ನೋಡಿ ಕೈ ಮುಗಿದು ಹೊರಟುಹೋದ. ಅವಳು ಹಿಂದೆ ಸರಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಜನ ಹಾಗೇ ಸರಿಯುತ್ತಿದ್ದರು. ಅವನಿಗಾಗಿಯೂ ನನಗೆ ಸಂಕಟವಾಯಿತು.

ದಾರಿಯಲ್ಲಿ ಮಾವ ಗಾಡಿ ತಳ್ಳುತ್ತ ಒಂದೇ ಮಾತಾಡಿದರು. "ಒಂದ್ ಗಳಿಗೆ ಸುಮ್ನೆ ಕೂತ್ಕೊಳ್ಳಕ್ಕಾಗ್ನಿಲ್ವಾ ನಿಂಗೆ?" ನಾನು ಕಾರಣ ಹೇಳಿದ ಮೇಲೆ ಅವರ ನಡಿಗೆ ನಿಧಾನವಾಯಿತು. ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಕ್ಷಯ ಅಂತ ಬಾಯ್ಬಿಟ್ಟು ಹೇಳಿದ್ನಾ ಆ ಹುಡ್ಗ?" ಎಂದು ಕೇಳಿದಳು. ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ನಂಜಮ್ಮ ಹೇಳಿದಂತೆಯೇ ಮಾಡಿದರು. ಕೆಲವೇ ದಿನಗಳಲ್ಲಿ ನನ್ನ ಸುದ್ದಿ ಊರೆಲ್ಲ ಹಬ್ಬಿತು. ಹಾಲಿನವಳು ಚೊಂಬನ್ನು ಮೆಟ್ಟಿಲ ಮೇಲೆಯೇ ಇಟ್ಟು ಹೋಗತೊಡಗಿದಳು. ವಾಸಿಯಾಗಿದೆ ಎಂದು ಹೇಳಿಕೊಂಡು ತಿರುಗುವುದು ಎಷ್ಟು ಕಷ್ಟವೆಂಬುದು ಹೇಳಿದವರಿಗೇ ಗೊತ್ತು. ಇದನ್ನು ಓದುವ ನಿಮಗೂ ಹಾಗಾಗಬಹುದು. ಆದರೆ ಹೇಳಿದ ಮೇಲೆ ಮನೆಯೊಳಗೆ ಒಂದು ಬಗೆಯ ಗಾಳಿ ಆಡತೊಡಗಿತು, ಅದೂ ನಿಜ. ಹಿತ್ತಲಿನಲ್ಲಿ ಬಚ್ಚಿಡುತ್ತಿದ್ದ ಗಾಡಿ ಹಜಾರಕ್ಕೆ ಬಂತು.

ಸುಶೀಲ ಮಾತ್ರ ನನ್ನೊಡನೆ ಮಾತು ಬಿಟ್ಟಳು. ನನ್ನ ಜಡೆ ಹಾಕುತ್ತಿದ್ದಳು, ಎತ್ತಿ ಕೂರಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಬಹಳ ದಿನಗಳ ಮೇಲೆ ಒಮ್ಮೆ, "ನಂಗೆ ಅವ್ರು ಇಷ್ಟ ಆಗಿದ್ರು ಕಣೇ" ಅಂದಳು. ಅಷ್ಟಕ್ಕೇ ಎದ್ದು ಹೋದಳು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಅವಳನ್ನು ಉಳಿಸಿದೆನೋ, ಕಳೆದುಕೊಂಡೆನೋ ನನಗೆ ತಿಳಿಯಲಿಲ್ಲ.

ಮರುವರ್ಷ ಮದುವೆಯ ದಿನಗಳು ಬಂದಾಗ ಮಾವ ಮನೆಗೆ ಬಂದರು. ಜಗಲಿಯಲ್ಲಿ ಕೂತು ನೀರು ಕುಡಿದು ಅಮ್ಮನಿಗೆ ಹೇಳಿದರು, "ಆ ನಂಜಮ್ಮನ ಮಗಂಗೆ ಮದ್ವೆ ಗೊತ್ತಾಯ್ತಂತೆ. ಟಿ. ನರಸೀಪುರದ ಕಡೆ ಹೆಣ್ಣು."

"ಸೂಜಿ ಹಾಕುಸ್ಕೊಂಡ್ನಂತಾ?" ಎಂದು ಅಮ್ಮ ಕೇಳಿದಳು.

"ಎಲ್ಲಿಂದ? ಇನ್ನೂ ಬಡವಾಗವ್ನಂತೆ. ಅವ್ವ ಹೇಳಿದ್ಕೆಲ್ಲ ಹೂಂ ಅಂತಾನಂತೆ ಈಗ."

ಸುಶೀಲ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿತು.

"ಮಾವ, ಆ ಹುಡುಗಿಗೆ ಅಕ್ಕ ಇದ್ದಾಳಾ?" ಎಂದು ಕೇಳಿದಳು.

ಮಾವನಿಗೆ ಅರ್ಥವಾಗಲಿಲ್ಲ. "ಇಲ್ವಂತೆ ಕಣವ್ವ. ಒಬ್ಳೇ ಮಗ್ಳಂತೆ. ಯಾಕೆ?"

ಸುಶೀಲ ಮೊರ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು ಗಾಡಿಯ ಹಿಡಿ ಹಿಡಿದಳು.

"ಆ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಮಾವ? ನಾನೂ ಅಕ್ಕನೂ ಹೋಗಿ ಹೇಳ್ಬರ್ತೀವಿ."